ಗೌರವದ ಶಬ್ದ

ಮುಂದಿನ ಟ್ರ್ಯಾಕ್ಟರಿನ ಜೋಡಿ ಟ್ರೇಲರಿನಿಂದ ಕಬ್ಬಿನ ಒಣ ರವದಿ ಹಾರಿ ಬಂದು ಬಸ್ಸಿನ ಕಿಟಕಿಗೆ ಬಡಿಯುತ್ತಿದೆ, ಹಂಗಾಮಿನ ಕೊನೆಯ ಕಬ್ಬಿರಬೇಕು, ಡ್ರೈವರ ಹಾರ್ನ್ ಮೇಲೆ ಹಾರ್ನ್ ಒತ್ತಿದರೂ ಟ್ರ್ಯಾಕ್ಟರಿನವನಿಗೆ ತನ್ನ ಹಾಡೇ ದೊಡ್ಡದು, ಜಮಖಂಡಿ ಬಿಟ್ಟು ಎಷ್ಟೋ ಹೊತ್ತಾಯಿತು, ಬನಹಟ್ಟಿ ಇನ್ನೂ ಬರವಲ್ಲದು, ಬರದಿದ್ದರೇ ಒಳ್ಳೆಯದು ಅನ್ನಿಸಿತು ಕಾಂಚನಾಗೆ, ಮನೆಗೆ ಹೋದರೆ ಅಪ್ಪ ಮಗ್ಗ ಬಂದ್ ಮಾಡಿ ಎದ್ದು ಬಂದು ಕೇಳುತ್ತಾನೆ, ಆತೇನವಾ ಒಪ್ಪಂದ, ಎಲ್ಲಾರೂ ಸಹಿ ಹಾಕಿದ್ರೇನು, ಹಾಕಿದರಪ್ಪ ಅನ್ನಬೇಕು, ಆಮೇಲೆ ಅವನು ಓಣಿತುಂಬ ಹೇಳಿಕೊಂಡು ಬರುತ್ತಾನೆ, ಎರಡೂರಿನ ಜಗಳ ನನ್ನ ಮಗಳು ಬರದ ಕನ್ನಡದಿಂದ ಬಗೀಹರೀತು ನೋಡ್ರಿ ಅಂತ — ಕಂಡಕ್ಟರನಂತೂ ಆಗಲೇ ಸಾರುತ್ತಿದ್ದಾನೆ, ಬಾಂದಾರದ ಹಲಗಿ ಎತ್ತ್ಯಾರಂತ್ರೀ, ಕೆಳಗಿನೂರಿಗೆ ನೀರು ಹೊಂಟೈತಂತ, ಶಾಂತಿ ಆತು ಬಿಡ್ರಿ, ಪಕ್ಕದಲ್ಲಿ ಕೂತ ಹೆಂಗಸು ಸೆರಗು ಸರಿಮಾಡಿಕೊಂಡು ಯಾವುದೋ ದೇವರಿಗೆ ಕೈ ಮುಗಿದಳು, ತನಗೇ ಮುಗಿದಳೇನೋ ಎಂಬಂತೆ ಕಾಂಚನಾ ಮುಖ ಹೊರಳಿಸಿದಳು.

ನೀರು ಬಂದದ್ದು ಖರೆ, ಅದನ್ನು ಯಾರೂ ಸುಳ್ಳೆನ್ನುವಂತಿಲ್ಲ, ಘಟಪ್ರಭೆಗೆ ಅಡ್ಡ ಹಲಗಿ ಹಾಕಿ ನೀರು ತಡೆಯುವ ಆ ಸಣ್ಣ ಬಾಂದಾರದ ಮೇಲೆ ಎರಡೂರಿನವರು ಬಡಿಗೆ ಹಿಡಿದು ನಿಂತಿದ್ದರು, ಹಲಗಿ ಎತ್ತಿ ನೀರು ಬಿಡ್ರಿ ಅಂತ ಕೆಳಗಿನೂರಿನವರು, ಬಿಡಂಗಿಲ್ಲ ಅಂತ ಮೇಲಿನೂರಿನವರು, ಆ ನೂಕಾಟದಲ್ಲಿ ಕೆಳಗಿನೂರಿನ ಪ್ರಭುಲಿಂಗ ಬಾಂದಾರದಿಂದ ಕೆಳಗಿನ ಬಂಡೆಗೆ ಬಿದ್ದು — ಬಿದ್ದು ಅಲ್ಲ, ಬಿದ್ದು ಅನ್ನುವ ಶಬ್ದಕ್ಕೇ ಅಲ್ಲವೇ ಮಾತುಕತೆ ಮುರಿಯುತ್ತಾ ಬಂದದ್ದು, ಕಾಲೇಜಿನಲ್ಲಿ ಕಾಂಚನಾಳ ಕನ್ನಡ ಕ್ಲಾಸಿಗೇ ಕೂತಿದ್ದ ಹುಡುಗ, ಹಿಂದಿನ ಬೆಂಚು, ಉತ್ತರವನ್ನೆಲ್ಲ ಊರಿನ ಮಾತಿನಲ್ಲೇ ಬರೆಯುತ್ತಿದ್ದ, ಅವಳು ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತಿದ್ದಳು, ಪ್ರಭು, ಇದು ಬರಹದ ಭಾಷೆ ಅಲ್ಲಪ್ಪ, ಯಾಕ್ರೀ ಮೇಡಂ, ನಾ ಬರದದ್ದು ನಿಮಗ ತಿಳೀತಿಲ್ಲೋ, ಕ್ಲಾಸೆಲ್ಲ ನಕ್ಕಿತ್ತು, ಅವಳೂ ನಕ್ಕಿದ್ದಳು, ಅಂಕ ಮಾತ್ರ ಕೊಟ್ಟಿರಲಿಲ್ಲ. ಸರಕಾರ ಸಂಧಾನಕ್ಕೆಂದು ಕಳಿಸಿದ ಅಮೋಲ ಸಾಹೇಬ ಕಾಲೇಜಿಗೇ ಬಂದು ಕರೆದಿದ್ದ, ಬೆಳಗಾವಿ ಕಡೆಯ ಚುರುಕು ಹುಡುಗ, ಮೇಡಂ, ನಮ್ಮ ಆಫೀಸಿನ ಕನ್ನಡಕ್ಕ ಜಗಳ ಇನ್ನಷ್ಟು ಹೆಚ್ಚಾಗತೈತಿ, ಶಾಂತಿ ಘೋಷಣೆ ನೀವ ಬರೀರಿ, ಆಗ ಅವಳಿಗೆ ಹಿಗ್ಗಾಗಿತ್ತು, ಇಷ್ಟು ವರ್ಷ ಕಲಿಸಿದ ಕನ್ನಡ ಒಂದು ಕೆಲಸಕ್ಕೆ ಬಂತಲ್ಲ ಅಂತ.

ಇವತ್ತು ಜಮಖಂಡಿಯ ಆ ಬಾಗಿಲು ಹಾಕಿದ ಕೋಣೆ, ಫ್ಯಾನಿಗೆ ಪಟಪಟ ಹಾರುವ ಹಾಳೆ, ಉಳಿದ ಸಾಲುಗಳೆಲ್ಲ ಸರಳ ಇದ್ದವು, ನೀರು ಹಂಚಿಕೊಳ್ಳುವುದು, ಒಬ್ಬರ ಓಣಿಗೆ ಒಬ್ಬರು ಹೋಗಿಬರುವುದು, ಪ್ರಭುಲಿಂಗನ ಸಾಲಿಗೆ ಬಂದಾಗ ಮಾತ್ರ ಚಹಾ ಆರಿತು. ಬಿದ್ದು ಸತ್ತ ಅಂತ ಬರದ್ರ ನಮ್ಮೂರು ಒಪ್ಪಂಗಿಲ್ಲ, ಅಂವ ಏನು ಕುಡುದು ಬಿದ್ನೇನ್ರೀ, ಇದು ಕೆಳಗಿನೂರಿನ ಹಿರಿಯ ಕಾಶಪ್ಪ, ಹಂಗಂತ ದಬ್ಬಿದ್ರು ಅಂತ ಬರದ್ರ ನನ್ನ ಕೈ ಸಹಿಗೆ ಏಳಂಗಿಲ್ಲ, ಇದು ಮೇಲಿನೂರಿನ ಬಸಗೊಂಡಪ್ಪ, ಟವೆಲ್ ಕೊಡವಿ ಎದ್ದೇ ಬಿಟ್ಟಿದ್ದ, ಹೊರಗೆ ಎರಡೂ ಊರಿನವರು ಟೆಂಪೊ ತುಂಬಿಕೊಂಡು ಬಂದು ನಿಂತಿದ್ದರು, ಇವನು ಎದ್ದು ಹೋದರೆ ಇವತ್ತೇ ಇನ್ನೊಂದು ಹೆಣ, ಅಮೋಲ ಅವಳನ್ನು ಹಿತ್ತಲ ಕಡೆ ಕರೆದುಕೊಂಡು ಹೋಗಿ ಮೊಬೈಲ್ ಹಿಡಿದ, ನೋಡ್ರಿ, ಯಾರೋ ದಂಡೆಯಿಂದ ತೆಗೆದ ವಿಡಿಯೊ, ಜನವೋ ಜನ, ನಡುವೆ ಪ್ರಭುಲಿಂಗನ ಬೆನ್ನು, ಬೆನ್ನಿನ ಮೇಲೆ ಒಂದು ಕೈ, ಹಳದಿ ಅಂಗಿ ತೋಳಿನ ಕೈ, ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ, ಮುಂದಿನ ಗಳಿಗೆ ಬೆನ್ನಿಲ್ಲ. ಇದನ್ನ ಹೊರಗ ಬಿಟ್ರ ಎರಡೂರು ಸುಡ್ತಾವ ಮೇಡಂ, ನೀವು ನೋಡಿಲ್ಲ, ನಾನೂ ನೋಡಿಲ್ಲ, ಬಿದ್ದ ಅಲ್ಲ, ದಬ್ಬಿದ್ರು ಅಲ್ಲ, ಎರಡರ ನಡುವಿನ ಒಂದು ಶಬ್ದ ಇಲ್ಲೇನ್ರೀ ಕನ್ನಡದಾಗ. ಇಲ್ಲ ಅನ್ನಬಹುದಾಗಿತ್ತು, ಇಲ್ಲ ಸಾಹೇಬ್ರ, ಅಂಥ ಶಬ್ದ ಇಲ್ಲ, ಅಷ್ಟು ಹೇಳಿ ಚೀಲ ತಗೊಂಡು ಬಸ್ ಹತ್ತಬಹುದಾಗಿತ್ತು, ಆದರೆ ಶಬ್ದ ಆಗಲೇ ನಾಲಿಗೆ ತುದಿಗೆ ಬಂದು ಕೂತಿತ್ತು, ಒಗಟು ಬಿಡಿಸಿದ ಹುಡುಗಿಯ ಹಾಗೆ ಖುಷಿ, ಹೌದು, ಖುಷಿಯೇ ಆಗಿತ್ತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು, ಒಳಗೆ ಬಂದು ಎಲ್ಲರಿಗೂ ಕೇಳುವಂತೆ ಓದಿದಳು, ಪ್ರಭುಲಿಂಗನು ಬಾಂದಾರದ ಬಳಿ ಅಸುನೀಗಿದನು.

ಬಸಗೊಂಡಪ್ಪ ಕೂತ, ಕಾಶಪ್ಪ ತಲೆಯಾಡಿಸಿದ, ಭಾರೀ ತೂಕದ ಶಬ್ದರೀ ಅಂದ, ನೀರು ಬರೂದು ಮೊದಲ ಆಗಲಿ, ಅಸುನೀಗಿದನು — ಅಸುವನ್ನು ನೀಗಿದನು, ತಾನೇ ನೀಗಿಕೊಂಡನು, ಮೈಮೇಲಿನ ಹಳೆ ಅಂಗಿ ಕಳಚಿ ಒಗೆದ ಹಾಗೆ, ಕ್ಲಾಸಿನಲ್ಲಿ ಬಿಡಿಸಿ ಹೇಳುವವಳು ಅವಳೇ ಅಲ್ಲವೆ, ಕರ್ತೃ ಯಾರು, ಪ್ರಭುಲಿಂಗ, ಕ್ರಿಯೆ ಯಾರದು, ಪ್ರಭುಲಿಂಗನದೇ, ಆ ಹಳದಿ ತೋಳಿಗೆ ಆ ವಾಕ್ಯದಲ್ಲಿ ಎಲ್ಲೂ ಜಾಗವಿಲ್ಲ, ಅದರ ಬೆನ್ನಿಗೇ ಮುಂದಿನ ಸಾಲೂ ತಕರಾರಿಲ್ಲದೆ ಬಂತು, ಈ ಕುರಿತು ಮನೆಯವರ ದೂರು ಯಾರ ಮೇಲೂ ಇರುವುದಿಲ್ಲ. ತಾಯಿ ಹೆಬ್ಬೆಟ್ಟು ಬೇಕು, ಇಲ್ಲಂದ್ರ ನಾಳೆ ಯಾರರ ಕೆದಕತಾರ, ಅಮೋಲ ಹೇಳಿದ ಮೇಲೆ ಮುತ್ತವ್ವನನ್ನು ಕರೆತಂದರು, ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಬಂದಳು, ಕುರ್ಚಿ ಕೊಟ್ಟರೂ ಕೂಡ್ರಲಿಲ್ಲ, ಕಾಂಚನಾಳನ್ನು ಗುರುತು ಹಿಡಿದಳು, ಬಾಯಾರ, ನೀವಲ್ಲೇನ್ರೀ ನಮ್ಮ ಪ್ರಭೂಗ ಕಲಿಸಾವ್ರು, ನಿಮ್ಮ ಸುದ್ದಿ ಭಾಳ ಹೇಳ್ತಿದ್ದ, ನೀವ ಓದ್ರಿ, ನೀವು ಓದಿದ್ರ ನನಗ ಧೈರ್ಯ. ಓದಿದಳು, ಕ್ಲಾಸಿನಲ್ಲಿ ಓದುವ ಹಾಗೆ ಓದಿದಳು, ಮುತ್ತವ್ವ ಕಣ್ಣು ಕಿರಿದು ಮಾಡಿ ಕೇಳಿದಳು, ಅಸು ಏನೋ ಅಂದ್ರೆಲ್ರೀ, ಹಂಗಂದ್ರೇನು, ಎಲ್ಲರೂ ಕಾಂಚನಾಳ ಬಾಯಿ ನೋಡುತ್ತಿದ್ದರು, ಒಂದು ಮಾತು ಸಾಕಿತ್ತು — ಯವ್ವಾ, ಸತ್ತ ಅನ್ನೂದನ್ನ ಗೌರವದಿಂದ ಹೇಳೂದು, ಅಂದಳು ಕಾಂಚನಾ. ಗೌರವದಿಂದ ಬರದೀರೇನು, ಮುತ್ತವ್ವ ಕೈ ಮುಗಿದಳು, ಛಲೋ ಆತವಾ, ಬಡವರ ಹುಡುಗಗ ಇಷ್ಟರ ಗೌರವ ಕೊಟ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ ಎಂದು ಹೆಬ್ಬೆಟ್ಟು ಚಾಚಿದಳು.

ಈಗ ಬಸ್ಸಿನಲ್ಲೇ ಫೋನ್ ತೆಗೆದಳು, ಕೈ ತಾನೇ ತೆಗೆಯಿತು, ಸಾಹೇಬ್ರ, ಆ ಶಬ್ದ ತಪ್ಪೈತ್ರಿ, ಬದಲಿ ಮಾಡೂಣು, ನಾನ ಮುತ್ತವ್ವನ ಮನಿಗೆ ಹೋಗಿ ಹೇಳ್ತೇನಿ, ಆ ಕಡೆ ಅಮೋಲ ಒಂದು ಉಸಿರು ಬಿಟ್ಟ, ಸಿಟ್ಟಿಲ್ಲ, ದಣಿವು, ಮೇಡಂ, ಹಲಗಿ ಎತ್ತಿ ಆತು, ಕೆಳಗಿನೂರಿನ ಹುಡುಗೋರು ಹೊಳ್ಯಾಗ ಜಿಗದಾಡಾಕತ್ತಾರ, ಬಿಟ್ಟ ನೀರು ಈಗ ಹೊಳ್ಳಿ ಬರತೈತೇನ್ರೀ, ಮನಿಗೆ ಹೋಗಿ ಮಲಗ್ರಿ, ನೀವು ಎಷ್ಟು ಜೀವ ಉಳಿಸೀರಿ ನಿಮಗ ಗೊತ್ತಿಲ್ಲ. ಗೊತ್ತಿದೆ, ಅದೂ ಗೊತ್ತಿದೆ, ಅದು ಸುಳ್ಳಾಗಿದ್ದರೆ ಎಷ್ಟು ಹಗುರಾಗುತ್ತಿತ್ತು, ಟ್ರ್ಯಾಕ್ಟರ್ ಫ್ಯಾಕ್ಟರಿ ಕಡೆ ಹೊರಳಿತು, ದಾರಿ ಖಾಲಿಯಾಯಿತು, ಬಸ್ಸು ಜೋರು ಹಿಡಿದಂತೆ ಊರಂಚಿನ ಮಗ್ಗಗಳ ಖಟಖಟ ಕೇಳತೊಡಗಿತು, ಬನಹಟ್ಟಿ, ಬನಹಟ್ಟಿ, ಇಳಿಯಾವ್ರು ಬರ್ರಿ, ಪಕ್ಕದ ಹೆಂಗಸು ಎದ್ದಳು, ಅಕ್ಕಾರ, ಇಳ್ಯಂಗಿಲ್ಲೇನ್ರೀ, ಇಳೀಬೇಕು, ಅಪ್ಪನಿಗೆ ಹೇಳಬೇಕು, ಏನು ಹೇಳಬೇಕು, ಕಣ್ಣ ಮುಂದೆ ಮತ್ತೆ ಅದೇ ಕೋಣೆ, ಮುತ್ತವ್ವ ಹೆಬ್ಬೆಟ್ಟು ಒತ್ತಿದಳು, ಶಾಯಿ ಒರೆಸಿಕೊಳ್ಳಲು ಅರಿವೆ ಕೊಡುವಷ್ಟರಲ್ಲಿ ಇರಲಿ ಬಿಡ್ರಿ ಅಂತ ಸೆರಗು ಸರಿಸಿ ತಲೆಗೇ ಒರೆಸಿಕೊಂಡಳು, ಬೆಳ್ಳಗಿನ ಕೂದಲ ಮೇಲೆ ನೀಲಿ ಗೀರು, ಇನ್ನೊಮ್ಮೆ ಒರೆಸಿಕೊಂಡಳು, ನೀಲಿ, ಒರೆಸಿಕೊಳ್ಳುತ್ತಲೇ ನಗಲು ನೋಡಿದಳು, ಬೆಳ್ಳಗಿನ ಕೂದಲ ಮೇಲೆ ನೀಲಿ…