ಕೊಟ್ಟುಬಿಟ್ಟ ಸಾಕ್ಷಿ

ಅತ್ತಿಗೆ ಟ್ಯಾಮ್ಸಿನ್‌ಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನನಗೆ ಬರೆಯಲು ಬರುತ್ತಿತ್ತು, ನಾಲ್ಕು ಜನರೆದುರು ಮಾತು ಬರುತ್ತಿರಲಿಲ್ಲ. "ನೀವಿಬ್ರೂ ಸೇರಿದ್ರೆ ಒಬ್ಳು ಪೂರ್ತಿ ಹೆಂಗಸು" ಎಂದು ಅಣ್ಣ ಜೇಬೆಜ್ ನಗುತ್ತಿದ್ದ. ಮಾರ್ಚ್ ತಿಂಗಳಲ್ಲಿ ಅವನು ಕಾಡ್ ಮೀನು ಹಿಡಿಯುವ ದೋಣಿ ನದೀಮುಖದಲ್ಲಿ ಮಗುಚಿತು. ಮೂರನೆಯ ದಿನ ಹೆಣ ಸಿಕ್ಕಿತು. ಏಪ್ರಿಲ್‌ನಲ್ಲಿ ಅವನು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕಿತ್ತು.

ನಮ್ಮ ಊರಲ್ಲಿ ಸಭೆಗೆ ಹೋಗುವುದು ಬೇರೆ, ಸಭೆಗೆ ಸೇರುವುದು ಬೇರೆ. ಭಾನುವಾರ, ಸಬ್ಬತ್ ದಿನ, ನಗಾರಿ ಬಡಿದರೆ ಎಲ್ಲರೂ ಹೋಗಲೇಬೇಕು. ಸೇರಬೇಕಾದರೆ ಮಾತ್ರ ಎಲ್ಲರೆದುರು ಎದ್ದು ನಿಂತು, ದೇವರು ತನ್ನ ಹೃದಯವನ್ನು ಹೇಗೆ ಒಡೆದ, ಹೇಗೆ ಮತ್ತೆ ಕಟ್ಟಿದ ಎಂದು ಹೇಳಬೇಕು. ಸೇರಿದ ಗಂಡಸರು ಒಪ್ಪಿ ಕೈ ಎತ್ತಬೇಕು. ಅಂಥವರ ಮಕ್ಕಳಿಗಷ್ಟೇ ದೀಕ್ಷಾಸ್ನಾನ. ಅಣ್ಣ ಹೇಳುವ ಮೊದಲೇ ಹೋದ. ಅತ್ತಿಗೆ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಹುಟ್ಟಿದ ಪೆಲೆಗ್ ಹಾಗಾಗಿ ಯಾರ ಲೆಕ್ಕಕ್ಕೂ ಸೇರದೆ ತೊಟ್ಟಿಲಲ್ಲಿದ್ದ. ಆಗಸ್ಟ್ ಬರುವಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು. ಕುಡಿದ ಹಾಲು ನಿಲ್ಲುತ್ತಿರಲಿಲ್ಲ. ಮುಂಗೈ ನನ್ನ ಹೆಬ್ಬೆರಳಿಗಿಂತ ತೆಳ್ಳಗಾಯಿತು.

ಸಭೆಯ ಹಿರಿಯನಾದ ಡೀಕನ್‌ನ ಹೆಂಡತಿ ಅರ್ಸುಲಾ ಒಂದು ಬೆಳಿಗ್ಗೆ ಬಂದು, ನಾವು ಹುರುಳಿಕಾಯಿ ಬಿಡಿಸುತ್ತಿದ್ದಲ್ಲೇ ಕೂತಳು.

"ಏನಮ್ಮಾ ಟ್ಯಾಮ್ಸಿನ್, ಮಗು ಇನ್ನೂ ಸಭೆ ಬೇಲಿಯಾಚೆನೇನಾ?"

"ಸಭಾಪಾಲಕರ ಹತ್ರ ನೀವೇ ಒಂದು ಮಾತು ಹೇಳಿ, ಅರ್ಸುಲಮ್ಮ. ಹಾಗೇ ಒಂದು ಹನಿ ನೀರು..."

"ಹಾಗೇನಾ? ಹಳೇ ದೇಶದಲ್ಲಿ ಬಿಷಪ್ಪುಗಳು ನಾಯಿಮರಿ ತಂದ್ರೂ ನೀರು ಹಾಕೋರು. ಅದು ಬೇಡ ಅಂತ ತಾನೆ ನಾವು ಹಡಗು ಹತ್ತಿದ್ದು, ಹತ್ತು ವಾರ ವಾಂತಿ ಮಾಡ್ಕೊಂಡು?" ಅವಳು ತೊಟ್ಟಿಲೊಳಗೆ ಬಗ್ಗಿ ನೋಡಿದಳು. ದನಿ ಮೆತ್ತಗಾಯಿತು. "ಬೇಗ ಸಭೇಲಿ ನಿಂತ್ಕೋ ತಾಯಿ. ಚಳಿಗೆ ಮುಂಚೆ."

ಅವಳು ಹೋದ ಮೇಲೆ ಅತ್ತಿಗೆ, ಬುಟ್ಟಿ ತುಂಬಿದರೂ ಬರೀ ಸಿಪ್ಪೆಯನ್ನೇ ಬಿಡಿಸುತ್ತಿದ್ದಳು.

"ನಂಗೇನೂ ಆಗಿಲ್ಲ ಹುಲ್ದಾ. ಒಡೆದಿದ್ದಾಯ್ತು, ಕಟ್ಟಿದ್ದಿಲ್ಲ. ಒಳಗೆ ಇರೋದು ಸಿಟ್ಟು ಒಂದೇ. ಎದ್ದು ನಿಂತು ಅದನ್ನ ಹೇಳ್ಲಾ?"

"ಹೇಳ್ಬೇಡ ಅತ್ತಿಗೆ."

"ನಿಂಗೆ ಆಗಿದೆ. ನಿನ್ನ ಪುಸ್ತಕದಲ್ಲಿದೆ."

ನನ್ನ ಕಿವಿ ಬಿಸಿಯಾಯಿತು. ಪಾಲಕರು ಹೇಳಿಕೊಟ್ಟಂತೆ ಹದಿನಾರನೇ ವಯಸ್ಸಿನಿಂದ ನಾನು ದಿನದಿನದ ಪಾಪಗಳನ್ನು ಬರೆದಿಡುತ್ತಿದ್ದೆ. ಅದನ್ನು ಹಿಟ್ಟಿನ ಪೀಪಾಯಿಯ ಹಿಂದೆ ಇಡುತ್ತಿದ್ದೆ.

"ಕದ್ದು ಓದ್ದೆ," ಎಂದಳು. "ಓದೋಕೆ ಬರುತ್ತಲ್ಲ, ಏನ್ಮಾಡ್ಲಿ. ಅದನ್ನ ನಂಗೆ ಕೊಡು."

"ಅದೇನು ಕೊಡೋ ವಸ್ತುನಾ?"

"ಉಪ್ಪು ಕೇಳಿದ್ರೆ ಕೊಡ್ತೀಯ. ಇದನ್ನ ಇಟ್ಕೊಂಡು ನೀನೇನು ಮಾಡ್ತಿದೀಯ? ನಾಲ್ಕು ಜನರ ಮುಂದೆ ಹೆಸರು ಕೇಳಿದ್ರೂ ತಡವರಿಸ್ತೀಯ."

ಅದು ನಿಜವೇ ಆಗಿತ್ತು, ಅದಕ್ಕೇ ನೋಯಿತು. ತೊಟ್ಟಿಲಲ್ಲಿ ಪೆಲೆಗ್ ಕೆಮ್ಮತೊಡಗಿದ. ಆ ಕೆಮ್ಮು ನಿಲ್ಲುವುದನ್ನು ಇಬ್ಬರೂ ಕಾದೆವು. ನಿಂತಾಗ ನಾನು ಎದ್ದು ಪೀಪಾಯಿಯ ಹಿಂದಿನಿಂದ ಪುಸ್ತಕ ತಂದೆ.

ಅದರಲ್ಲಿ ಇದ್ದದ್ದು ಇಷ್ಟು. ಎರಡು ವರ್ಷದ ಹಿಂದೆ, ನೀರಿಳಿದಾಗ, ಚಿಪ್ಪು ಅಗೆಯಲು ನಾನೊಬ್ಬಳೇ ಕೆಸರುಬಯಲಿಗೆ ಹೋಗಿದ್ದೆ. ಮೊಣಕಾಲಿನವರೆಗೆ ಹೂತುಕೊಂಡೆ. ಎಳೆದಷ್ಟೂ ಒಳಗೆ ಹೋಯಿತು. ಕಡಲು ತಿರುಗಿ ಏರತೊಡಗಿತ್ತು. ಕೂಗಿದೆ, ಯಾರೂ ಇರಲಿಲ್ಲ. ಕೊನೆಗೆ ಎಳೆಯುವುದನ್ನು ಬಿಟ್ಟೆ. ನನ್ನ ಬಲದಿಂದ ಏನೂ ಇಲ್ಲ, ನಿನ್ನ ಇಷ್ಟ ಎಂದು ಸುಮ್ಮನೆ ನಿಂತೆ. ನೀರು ಬಂದು ಕಾಲಿನ ಸುತ್ತಲ ಕೆಸರನ್ನು ಸಡಿಲಿಸಿತು. ನಾನು ಹೆದರಿದ್ದ ನೀರೇ ನನ್ನನ್ನು ಬಿಡಿಸಿತು. ದಡಕ್ಕೆ ಬಂದು ಅತ್ತೆ. ಹಾಗೆ ಮತ್ತೆಂದೂ ಅತ್ತಿಲ್ಲ.

ಒಂಬತ್ತು ದಿನ, ಜೋಳದ ಹೊಲದಲ್ಲಿ ಕಳೆ ಕೀಳುತ್ತ, ನಾನು ಹೇಳಿದ್ದನ್ನು ಅವಳು ತಿರುಗಿ ಹೇಳಿದಳು.

"ಆಮೇಲೆ ನಂಗೆ ಪೂರ್ತಿ ಸಮಾಧಾನ ಆಯ್ತು," ಎಂದು ಅವಳು ಮುಗಿಸಿದಳು.

"ಪೂರ್ತಿ ಅನ್ಬೇಡ. ಪೂರ್ತಿ ಅಂದ್ರೆ ನಂಬಲ್ಲ, ಕಪಟಿ ಅಂತಾರೆ. 'ಆದ್ರೂ ಎಷ್ಟೋ ದಿನ ಅನುಮಾನ ಕಾಡುತ್ತೆ' ಅಂತ ಸೇರಿಸು."

"ಅನುಮಾನ ಇದ್ರೆ ಒಳ್ಳೇದಾ?"

"ಸ್ವಲ್ಪ ಇರ್ಬೇಕು. ಜಾಸ್ತಿ ಆದ್ರೂ ಸೇರಿಸ್ಕೊಳ್ಳಲ್ಲ."

"ಅಯ್ಯೋ ನಿನ್ನ," ಎಂದು ಅವಳು ಕಳೆಯ ಗುಡ್ಡೆಯ ಮೇಲೆ ಕೂತು ನಕ್ಕಳು. "ಇದು ಸಾರಿಗೆ ಮೆಣಸು ಹಾಕ್ದಂಗಾಯ್ತಲ್ಲೇ!" ಅಣ್ಣ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಆ ದಿನದ ಪಾಪಗಳಲ್ಲಿ ಆ ನಗುವನ್ನು ಬರೆಯಲಿಲ್ಲ.

ಸಭೆಯಲ್ಲಿ ಅವಳು ನಿಂತ ದಿನ ಸೆಕೆ. ಪಾಲಕ ಟಿಲ್ಡನ್‌ರ ಉಪದೇಶಕ್ಕೆ ಮರಳುಗಡಿಯಾರವನ್ನು ಎರಡು ಸಲ ತಿರುವಿದ್ದರು. ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಪೆಲೆಗ್ ನನ್ನ ತೊಡೆಯ ಮೇಲಿದ್ದ. ಅತ್ತಿಗೆ ಒಂದು ಮಾತೂ ತಪ್ಪದೆ ಹೇಳಿದಳು. ನನ್ನ ಮಾತುಗಳು ಅಷ್ಟು ಜೋರಾಗಿ ಕೇಳಿದ್ದು ನನಗೆ ಅದೇ ಮೊದಲು. ಬೆತ್ತಲೆಯಾಗಿ ಕೂತಂತೆ ಅನಿಸಿತು. ಒಬ್ಬರೂ ನನ್ನ ಕಡೆ ನೋಡಲಿಲ್ಲ.

ಆಗ ಡೀಕನ್ ಕೇಳಿದ. "ಇದು ಯಾವತ್ತು ಆಗಿದ್ದಮ್ಮಾ?"

ಇದನ್ನು ನಾವು ಕಲಿತಿರಲಿಲ್ಲ.

"ಜೇಬೆಜ್‌ನ ಹೆಣ ಸಿಕ್ಕಿದ ದಿನ," ಎಂದಳು ಅತ್ತಿಗೆ. "ಮನೇಲಿ ಇರೋಕಾಗ್ಲಿಲ್ಲ. ಬಸುರಿ, ಆದ್ರೂ ಹೋದೆ. ಅವನನ್ನ ನುಂಗಿದ ನೀರು ನನ್ನನ್ನೂ ನುಂಗ್ಲಿ ಅಂತ ನಿಂತ್ಕೊಂಡೆ. ಅದು ನುಂಗ್ಲಿಲ್ಲ. ಬಿಟ್ಟುಬಿಡ್ತು."

ಆ ದಿನವೆಲ್ಲ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ನಾನಿದ್ದೆ.

ಮೊದಲು ಬಿಕ್ಕಿದವಳು ಅರ್ಸುಲಾ. ಆಮೇಲೆ ಗಂಡಸರ ಕೈಗಳು ಒಂದೊಂದಾಗಿ ಮೇಲೆದ್ದವು. ಮುಂದಿನ ಸಬ್ಬತ್ ಪೆಲೆಗ್‌ನ ಹಣೆಗೆ ನೀರು ಬಿತ್ತು. ಅವನು ಸೀನಿದ. ಸೆಪ್ಟೆಂಬರ್‌ನಲ್ಲಿ ಕೆಮ್ಮು ತಾನಾಗಿ ಬಿಟ್ಟಿತು. ಊರೆಲ್ಲ ಅದನ್ನು ದೇವರ ಗುರುತು ಎಂದಿತು. ಯಾವುದರ ಗುರುತು ಎಂದು ನಾನು ಯಾರನ್ನೂ ಕೇಳುವಂತಿರಲಿಲ್ಲ.

ಕುಂಬಳಕಾಯಿ ಒಣಗಿಸುವ ಹೊತ್ತಿಗೆ ಪಾಲಕರು ಮನೆಗೆ ಬಂದರು. ಜೋಳದ ಗಂಜಿ ಕುಡಿದು, ಬಟ್ಟಲನ್ನು ಕೈಯಲ್ಲೇ ಹಿಡಿದು ಹೇಳಿದರು: "ಹುಲ್ದಾ, ನೀನು ಯಾವತ್ತು ನಿಲ್ತೀಯ ಮಗಳೇ? ನಿಂಗೆ ನಾಚ್ಕೆ ಅಂತ ಗೊತ್ತು. ಮಾತಾಡ್ಬೇಡ. ಆ ಪುಸ್ತಕ ಕೊಡು. ಅದ್ರಲ್ಲಿ ಇರೋದನ್ನ ನಾನೇ ಸಭೆಗೆ ಓದ್ತೀನಿ. ನಾಳೆ ಬರ್ತೀನಿ."

ಇದಕ್ಕಿಂತ ಸುಲಭವಾದ ದಾರಿಯನ್ನು ನನಗಾಗಿ ಯಾರೂ ತೆರೆದಿರಲಿಲ್ಲ. ಮಗುವಿಗೆ ಕುಲಾವಿ ಕಟ್ಟುತ್ತಿದ್ದ ಅತ್ತಿಗೆ ತಲೆ ಎತ್ತಲಿಲ್ಲ.

ಅವಳು ನೀರಿಗೆ ಹೋದಾಗ ಪುಸ್ತಕ ತೆಗೆದೆ. ಆ ಪುಟ ಪಾಲಕರ ಕಣ್ಣಿಗೆ ಬಿದ್ದರೆ ಎರಡರಲ್ಲಿ ಒಂದಾಗುತ್ತದೆ. ನಾನು ಅವಳ ಸಾಕ್ಷಿಯನ್ನು ಕದ್ದೆ ಎಂದುಕೊಳ್ಳುತ್ತಾರೆ. ಇಲ್ಲವೇ ಮೇಲಿರುವ ಎರಡು ವರ್ಷ ಹಳೆಯ ತಾರೀಖು ನೋಡುತ್ತಾರೆ, ಆಗ ಅತ್ತಿಗೆ ಸಭೆಯಿಂದ ಹೊರಗೆ, ಪೆಲೆಗ್ ಮತ್ತೆ ಬೇಲಿಯಾಚೆ. ಹಾಳೆಯನ್ನು ಎಳೆದೆ. ಹೊಲಿದ ಪುಸ್ತಕವಾದ್ದರಿಂದ ಅದರ ಜೋಡಿ ಹಾಳೆಯೂ ಸಡಿಲವಾಗಿ ಕೈಗೆ ಬಂತು. ಅದರಲ್ಲಿ ಅಣ್ಣ ನನಗೆ ಬರೆಯುವ ಹೆಬ್ಬಾತಿನ ಗರಿ ಚೂಪು ಮಾಡಲು ಕಲಿಸಿದ ದಿನವಿತ್ತು. ಅರ್ಧ ಹಾಳೆ ಉಳಿದರೆ ಅನುಮಾನ ಬರುತ್ತದೆಂದು ಎರಡನ್ನೂ ಗಂಜಿಯ ಗಡಿಗೆಯ ಕೆಳಗಿನ ಬೆಂಕಿಗೆ ತುರುಕಿದೆ. ಕಾಗದ ಮೊದಲು ಕಂದಾಯಿತು, ಆಮೇಲೆ ಅಂಚಿನಿಂದ ಮುದುಡಿತು. ಓದಬೇಕೆಂದರೂ ಅಕ್ಷರ ಹಿಡಿಯಲಾಗಲಿಲ್ಲ.

ವಾರ ಬಿಟ್ಟು ಪಾಲಕರು ಪುಸ್ತಕವನ್ನು ಹಿಂದಕ್ಕೆ ತಂದರು. ಅವರ ಮುಖದಲ್ಲಿ ಕನಿಕರವಿತ್ತು.

"ಪಾಪ ಎಲ್ಲಾ ಚೆನ್ನಾಗಿ ಬರೆದಿದೀಯ ಮಗಳೇ. ಮನಸ್ಸು ದೇವರ ಕಡೆ ತಿರುಗಿದ್ದು ಮಾತ್ರ ಕಾಣ್ಲಿಲ್ಲ. ಕಾದಿರು."

"ಆಗ್ಲಿ," ಎಂದೆ.

ಈಗ ಚಳಿಗಾಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ ಸಭೆಗೆ ಸೇರದವರು ಮೊದಲೇ ಎದ್ದು ಹೊರಗೆ ಬರಬೇಕು. ಮೊನ್ನೆಯೂ ಬಂದೆ. ಪೆಲೆಗ್‌ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿಮದಲ್ಲಿ ನಿಂತು ಕಾದೆ. ಅವನು ಈಗ ದಪ್ಪಗಾಗಿದ್ದಾನೆ, ಕೈ ಸೋಲುತ್ತದೆ. ಒಳಗಿಂದ ಬಂದ ಅತ್ತಿಗೆ ಮಗುವನ್ನು ತೆಗೆದುಕೊಂಡು ನನ್ನ ತೋಳು ಹಿಡಿದಳು. ಅವಳ ಬಾಯಲ್ಲಿ ದ್ರಾಕ್ಷಾರಸದ ವಾಸನೆಯಿತ್ತು.

"ಬೇಜಾರು ಮಾಡ್ಕೋಬೇಡ ಕಣೇ," ಎಂದಳು. "ನಿಂಗೂ ಆಗುತ್ತೆ."

ನಾನು ಅವಳ ಮುಖ ನೋಡಿದೆ. ಅಲ್ಲಿ ಗುಟ್ಟು ಇರಲಿಲ್ಲ. ಹುಡುಕಿದೆ, ಇರಲಿಲ್ಲ. ನಿಜವಾಗಿ ನನಗಾಗಿ ಮರುಗುತ್ತಿದ್ದಳು.

"ಆವತ್ತು ಕೆಸರಲ್ಲಿ ನಂಗೂ ಹಿಂಗೇ ಅನ್ಸಿತ್ತು, ಮುಗೀತು ಅಂತ. ಕಾಲು ಮರಗಟ್ಟಿಹೋಗಿತ್ತು ಹುಲ್ದಾ. ಬಲಗಾಲಿನ ಮೆಟ್ಟು ಅಲ್ಲೇ ಉಳೀತು." ಅವಳು ತನ್ನ ಬಲಗಾಲನ್ನು ನೋಡಿಕೊಂಡಳು. "ಆಗೋವಾಗ ಎಳೀಬೇಡ, ಅಷ್ಟೇ. ಸುಮ್ನೆ ನಿಂತ್ಕೋ. ನೀರು ಬಂದು ಬಿಡಿಸುತ್ತೆ."

ಮೆಟ್ಟಿನ ವಿಷಯ ನಾನು ಬರೆದಿರಲಿಲ್ಲ. ನನ್ನ ಎರಡೂ ಮೆಟ್ಟು ಕಾಲಲ್ಲೇ ಬಂದಿದ್ದವು ಎಂದು ಮನೆವರೆಗೂ ನೆನಪು ಮಾಡಿಕೊಳ್ಳುತ್ತ ನಡೆದೆ. ಬಾಗಿಲಿಗೆ ಬರುವಷ್ಟರಲ್ಲಿ ಅದೂ ಖಚಿತವಿರಲಿಲ್ಲ.

"ಆಗ್ಲಿ ಅತ್ತಿಗೆ," ಎಂದೆ.