ಏಕಾದಶಿಯ ಗುಳಿಗೆ

ಉಪವಾಸದ ದಿನ ಗುಳಿಗೆ ನುಂಗಬಾರದು ಎಂದು ನಮ್ಮ ಹಿರಿಯರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಯಾವ ದೇವರೂ ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೆ ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಮನೆಗೊಬ್ಬರಾದರೂ ಇಂಥವರಿದ್ದಾರೆ. ಶ್ರಾವಣ ಸೋಮವಾರ ಬಿ.ಪಿ. ಗುಳಿಗೆ ಬಂದ್, ಸಂಕಷ್ಟಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬಂದ್. ಕೇಳಿದರೆ, ಒಂದು ದಿನಕ್ಕೆ ಏನಾಗುತ್ತದೆ ಬಿಡು ಎನ್ನುತ್ತಾರೆ. ಏನಾಗುತ್ತದೆ ಎಂಬುದಕ್ಕೇ ಸರಸ್ವತೀಬಾಯಿಯವರ ಕಥೆ ಹೇಳುತ್ತಿದ್ದೇನೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ.

ಸರಸ್ವತೀಬಾಯಿಯವರಿಗೆ ಎಪ್ಪತ್ತು ದಾಟಿದೆ. ಮಗ ಶ್ರೀವಲ್ಲಭ ಹೈಸ್ಕೂಲ್ ಮಾಸ್ತರ, ಸೊಸೆ ಮಂಜರಿ. ಅಜ್ಜಿ ಗಟ್ಟಿ ಹೆಣ್ಣುಮಗಳು. ಏಕಾದಶಿ ಬಂತೆಂದರೆ ಹನಿ ನೀರು ಮುಟ್ಟುವುದಿಲ್ಲ. ದಿನವಿಡೀ ದೇವರ ನಾಮ. ಮರುದಿನ ದ್ವಾದಶಿಯ ನಸುಕಿನಲ್ಲಿ ಪೂಜೆ ಮುಗಿಸಿ, ಪಾರಣೆಯ ಊಟಕ್ಕೆ ಕೂತಾಗಲೇ ಬಾಯಿಗೆ ನೀರು.

ಹೋದ ವರ್ಷ ಅವರ ಎದೆಯ ಬಡಿತ ತಾಳ ತಪ್ಪಿದೆ ಎಂದು ಡಾಕ್ಟರು ಕಂಡುಹಿಡಿದರು. ಬಡಿತ ಹೀಗೆ ಅಡ್ಡಾದಿಡ್ಡಿಯಾದರೆ ಹೃದಯದ ಮೂಲೆಯಲ್ಲಿ ರಕ್ತ ನಿಂತು ಗಡ್ಡೆ ಕಟ್ಟುತ್ತದೆ. ಆ ಗಡ್ಡೆ ಹರಿದುಹೋಗಿ ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅದೇ ಲಕ್ವಾ, ಪಾರ್ಶ್ವವಾಯು. ಗಡ್ಡೆ ಕಟ್ಟದಂತೆ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟರು. ಅಜ್ಜಿ ತಪ್ಪದೆ ತೆಗೆದುಕೊಂಡರು, ಏಕಾದಶಿಯೊಂದನ್ನು ಬಿಟ್ಟು. ಗುಳಿಗೆ ತುಟ್ಟಿ, ಒಂದಿಷ್ಟು ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನ ಬೇರೆ. ಮಂಜರಿಗೆ ಇದು ಗೊತ್ತಿತ್ತು. ಆದರೆ ಅತ್ತೆಯ ವ್ರತದ ವಿಷಯದಲ್ಲಿ ಬಾಯಿ ಹಾಕುವ ಧೈರ್ಯ ಆಕೆಗೆ ಇರಲಿಲ್ಲ.

ಗೋಡೆಯಾಚೆಯದು ಶಮ್ಶುನ್ನೀಸಾ ಆಪಾ ಅವರ ಮನೆ. ಅವರ ಗಂಡ ನಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದವರು. ಅವರಿಗೆ ಲಕ್ವಾ ಹೊಡೆದಾಗ ಮನೆಯವರು ಎಣ್ಣೆ ತಿಕ್ಕಿಸುತ್ತ, ನಾಟಿ ಔಷಧ ಹುಡುಕುತ್ತ ಇಡೀ ದಿನ ಕಳೆದರು. ಇವತ್ತಿಗೂ ಆ ಮನುಷ್ಯನ ಮಾತು ಹೆಂಡತಿಯೊಬ್ಬರಿಗೇ ತಿಳಿಯುತ್ತದೆ. ಅಂದಿನಿಂದ ಆಪಾ ಆಸ್ಪತ್ರೆಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ಕೇಳಿ ಈ ರೋಗದ ಬಗ್ಗೆ ತಿಳಿದುಕೊಂಡಿದ್ದಾರೆ. ನಮ್ಮ ಓಣಿಯ ಸಂಘದ ಸಭೆಯಲ್ಲೂ ಅದನ್ನೇ ಹೇಳುತ್ತಾರೆ, ನಾವು ಆಕಳಿಸುವಷ್ಟು.

ಕಳೆದ ಮಳೆಗಾಲದ ಒಂದು ದ್ವಾದಶಿ. ಬೆಳಗಿನ ನಮಾಜು ಮುಗಿಸಿ ಆಪಾ ಚಾಪೆ ಮಡಚುತ್ತಿದ್ದರು. ಗೋಡೆಯಾಚೆಯಿಂದ ಸರಸ್ವತೀಬಾಯಿಯವರ ಸ್ತೋತ್ರ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಮಾತು ತೊದಲತೊಡಗಿತು, ಏನು ಹೇಳುತ್ತಿದ್ದಾರೆಂದೇ ತಿಳಿಯದಾಯಿತು. ಆಪಾ ಹಾಗೇ ಓಡಿಬಂದರು. ಅಜ್ಜಿ ದೇವರ ಮುಂದೆ ಕೂತಿದ್ದರು, ಬಾಯಿ ಒಂದು ಕಡೆಗೆ ವಾರೆಯಾಗಿತ್ತು. ಇದು ಉಪವಾಸದ ನಿಶ್ಶಕ್ತಿ ಎಂದುಕೊಂಡು ಶ್ರೀವಲ್ಲಭ ಹಾಲಿನ ಲೋಟವನ್ನು ತಾಯಿಯ ತುಟಿಗೆ ಹಿಡಿಯುವುದರಲ್ಲಿದ್ದರು. ಆಪಾ ಅವರ ಕೈ ಹಿಡಿದರು.

“ಹನಿ ನೀರೂ ಹಾಕಬ್ಯಾಡ್ರಿ ಮಾಸ್ತರ. ಈಗ ನುಂಗಾಕ ಬರಂಗಿಲ್ಲ, ಉಸಿರಿನ ದಾರಿಗಿ ಹೋಗತೈತಿ.”

ಅಜ್ಜಿಗೆ ನಗಲು ಹೇಳಿದರು, ಅರ್ಧ ಮುಖವಷ್ಟೇ ನಕ್ಕಿತು. ಎರಡೂ ಕೈ ಎತ್ತಲು ಹೇಳಿದರು, ಬಲಗೈ ತಾನಾಗಿ ಕೆಳಗೆ ಜಾರಿತು. ಹೆಸರು ಹೇಳಲು ಹೇಳಿದರು, ಬರಲಿಲ್ಲ. “ಇದು ಲಕ್ವಾ. ಮಂಜರಿ, 108ಕ್ಕ ಫೋನ್ ಹಚ್ಚು. ಯಾವಾಗ ಸುರು ಆತು ಅನ್ನೋದು ನೆನಪಿಟ್ಕೋ, ಡಾಕ್ಟರು ಮದ್ಲ ಅದನ್ನ ಕೇಳ್ತಾರ” ಎಂದರು.

ಆಂಬುಲೆನ್ಸ್ ಬಂತು. ತಲೆಯ ಸಿಟಿ ಸ್ಕ್ಯಾನ್ ಮಾಡುವ ವಿಜಯಪುರದ ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದು ಮಗ, ಸೊಸೆಯ ಜೊತೆ ಆಪಾ ತಾವೂ ಹತ್ತಿದರು. ಲಕ್ವಾ ಶುರುವಾಗಿ ನಾಲ್ಕೂವರೆ ತಾಸು ದಾಟುವ ಮೊದಲು ತಲುಪಿದರೆ, ತಕ್ಕ ರೋಗಿಗಳಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲಿಕ್ಕೆ ಬರುತ್ತದೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು ಎಂದು ದಾರಿಯಲ್ಲಿ ಮಂಜರಿಗೆ ಹೇಳಿದರು.

ನಾಗಠಾಣದ ಹತ್ತಿರ ಬರುವಾಗ ಅಜ್ಜಿಯ ಬಾಯಿ ನೆಟ್ಟಗಾಯಿತು. ಬೆರಳು ಆಡಿದವು. ಮೊದಲ ಮಾತಿಗೆ ಕೃಷ್ಣಾ ಎಂದರು. ಎರಡನೆಯ ಮಾತಿಗೆ ಗಾಡಿ ಮನೆಗೆ ಹೊಳ್ಳಿಸು ಎಂದರು! ತಮಗೇನೂ ಆಗಿಲ್ಲವಂತೆ, ಪಾರಣೆಯ ಹೊತ್ತು ಮೀರುತ್ತಿದೆಯಂತೆ. ಶ್ರೀವಲ್ಲಭ ತಾಯಿಯ ಮಾತು ಮೀರಿ ಗೊತ್ತಿಲ್ಲದ ಮಗ. ಡ್ರೈವರನಿಗೆ ನಿಲ್ಲಿಸು ಎನ್ನಲು ಬಾಯಿ ತೆರೆದೇಬಿಟ್ಟರು.

“ನಮ್ಮನಿಯವ್ರಿಗೂ ಮದ್ಲ ಹಿಂಗ ಬಂದು ಹೋಗಿತ್ರಿ” ಎಂದರು ಆಪಾ. “ಆರಾಮಾತು ಅಂತ ನಾವು ಸುಮ್ಮನಾದ್ವಿ. ಆ ವಾರದಾಗ ಮತ್ತ ಬಂತು. ಆವಾಗ ಬಂದಿದ್ದು ಹೋಗಲಿಲ್ಲ.”

ಆಗ ಮಂಜರಿ, ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಹೇಳದ ಮಂಜರಿ, ಡ್ರೈವರನಿಗೆ ಗಾಡಿ ಮುಂದೆ ಹೋಗಲಿ ಎಂದಳು. ಅತ್ತೆ ಕೆಂಗಣ್ಣು ಬಿಟ್ಟರು. ಬಿಟ್ಟರೆ ಬಿಡಲಿ ಎಂದು ಅವಳು ಅವರ ಕಾಲ ಮೇಲೆ ಚಾದರ ಸರಿಮಾಡಿ ಕೂತಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಒಳಗೆ ಸೇರಿಸಿಕೊಂಡರು. ಗಡ್ಡೆಯೊಂದು ಮಿದುಳಿಗೆ ಹೋಗುವ ರಕ್ತವನ್ನು ತುಸು ಹೊತ್ತು ತಡೆದು, ಪುಣ್ಯಕ್ಕೆ ತಾನೇ ಕರಗಿದೆ ಎಂದರು ಡಾಕ್ಟರು. ಇದು ಎಚ್ಚರಿಕೆ, ಮುಂದಿನದು ಹೀಗೆ ಬಿಟ್ಟುಹೋಗದೆ ಇರಬಹುದು ಎಂದರು. ಗುಳಿಗೆ ತಪ್ಪಿತ್ತೇ ಎಂದು ಕೇಳಿದಾಗ ಮಂಜರಿ, ನಿನ್ನೆ ಏಕಾದಶಿ ಇತ್ತು ಎಂದಳು.

“ರಕ್ತ ಏಕಾದಶಿ ಹಿಡಿಯೂದಿಲ್ಲಮ್ಮಾ” ಎಂದರು ಡಾಕ್ಟರು. ಈ ಗುಳಿಗೆಯ ಬಲ ಒಂದು ದಿನದೊಳಗೇ ಇಳಿದುಹೋಗುತ್ತದೆ, ಬಿಟ್ಟ ದಿನವೇ ಗಡ್ಡೆಗೆ ದಾರಿ ಸಿಗುತ್ತದೆ, ನೀರು ಬಿಟ್ಟರೆ ವಯಸ್ಸಾದವರ ಮೈ ಒಣಗಿ ಇನ್ನೂ ಅಪಾಯ ಎಂದು ತಿಳಿಸಿದರು. ಖರ್ಚಿನ ಮಾತು ಬಂದಾಗ, ಇದೇ ಔಷಧ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೋ ಕೇಳಿ ನೋಡಿ ಎಂದು ಔಷಧದ ಹೆಸರನ್ನು ಬಿಡಿಸಿ ಬರೆದುಕೊಟ್ಟರು. ಹಾಸಿಗೆ ಹಿಡಿದ ಮೇಲೆ ಆಗುವ ಖರ್ಚಿನ ಮುಂದೆ ಇದು ಯಾವ ಲೆಕ್ಕ ಎಂದು ಶ್ರೀವಲ್ಲಭರಿಗೂ ಅನಿಸಿತು.

ಎಲ್ಲ ಸರಿ. ಮನೆಗೆ ಬಂದ ಮೇಲೆ ಅಜ್ಜಿ ಮತ್ತೆ ಹಟಕ್ಕೆ ಬಿದ್ದರು. ಬರುವ ಏಕಾದಶಿಗೂ ನೀರಿಲ್ಲ, ಗುಳಿಗೆ ಇಲ್ಲ, ಸತ್ತರೆ ವ್ರತದಲ್ಲೇ ಸಾಯುತ್ತೇನೆ ಎಂದರು. ಮಗ ಬೇಡಿಕೊಂಡರು, ಸೊಸೆ ಅತ್ತಳು. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಆಪಾ ಬಂದು ಪಕ್ಕದಲ್ಲಿ ಕೂತರು. ನಾನೂ ಅಲ್ಲೇ ಇದ್ದೆ.

ತಾವೂ ರೋಜಾ ಉಪವಾಸ ಹಿಡಿಯುವವರೇ ಎಂದರು ಆಪಾ. ರಂಜಾನ್ ಬರುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಬಿ.ಪಿ. ಗುಳಿಗೆಯ ಹೊತ್ತು ಕೇಳಿಕೊಂಡು ಬರುತ್ತಾರಂತೆ. ಮೈ ಸರಿಯಿಲ್ಲ, ಈ ಸಲ ಬೇಡ ಎಂದು ಡಾಕ್ಟರು ಹೇಳಿದ ವರ್ಷ ರೋಜಾ ಬಿಟ್ಟು ಬಡವರಿಗೆ ಊಟ ಹಾಕಿದರಂತೆ. ಇದನ್ನೆಲ್ಲ ಕೇಳಿ ಅಜ್ಜಿ, ನಮ್ಮದು ಬೇರೆ ಎಂದು ಮುಖ ತಿರುಗಿಸಿದರು. ಆಪಾ ಬೇಸರ ಮಾಡಿಕೊಳ್ಳಲಿಲ್ಲ.

“ಲಕ್ವಾ ಆದವ್ರೆಲ್ಲಾ ಸಾಯಂಗಿಲ್ರಿ ಬಾಯಾರ. ನಮ್ಮನಿಯವ್ರನ್ನ ನೋಡ್ರಿ. ಐದು ಹೊತ್ತಿನ ನಮಾಜು ಬಿಡದ ಮನಷ್ಯಾ. ಈಗ ಅಲ್ಲಾನ ಹೆಸರು ಹೇಳಾಕ ನಾಲಿಗಿ ತಿರಗಂಗಿಲ್ಲ. ಹೇಳಾಕ ಹೋಗಿ ಅಳ್ತಾರ.”

ಅಜ್ಜಿ ಮುಖವನ್ನು ಮತ್ತೆ ಆಪಾ ಕಡೆಗೆ ಹೊರಳಿಸಿದರು. ಅವರ ಕಣ್ಣು ತುಂಬಿತ್ತು.

“ಅವತ್ತು ಕೃಷ್ಣ ಬಾಯಿತನಕ ಬಂದಿದ್ದ, ಶಮ್ಶೂ, ಹೊರಗ ಬರಲೇ ಇಲ್ಲ. ಅಷ್ಟು ಹೆದರಿಕಿ ನನಗ ಹುಟ್ಟಿದಾಗಿಂದ ಆಗಿರಲಿಲ್ಲ.”

ದೇವರ ಹೆಸರಿಗಾಗಿ ಉಪವಾಸ ಮಾಡಿ, ಆ ಹೆಸರನ್ನೇ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಆ ಜೀವಕ್ಕೆ ಇನ್ನೇನಿದೆ?

ಮಂಜರಿ ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿದಳು. ಅನ್ನ ಬಿಡಲಿ, ಅಡ್ಡಿಯಿಲ್ಲ, ಆದರೆ ನೀರು, ಹಾಲು, ಹಣ್ಣು ಬೇಕು, ಗುಳಿಗೆ ಎರಡೂ ಹೊತ್ತು ಬೇಕು ಎಂದರು ಅವರು. ಏಕಾದಶಿ ಬಂತು. ಅಜ್ಜಿ ಸ್ನಾನ, ಪೂಜೆ ಮುಗಿಸಿ, ತಾವೇ ಕೈ ಚಾಚಿ ಗುಳಿಗೆ ಕೇಳಿದರು. ಲೋಟದ ತುಂಬ ನೀರು ಕುಡಿದರು. ಆಮೇಲೆ ಸೊಸೆಗೆ, “ಸಂಜೀದು ನೀನೇ ನೆನಪ ಮಾಡು. ನಾ ಜಪಕ್ಕ ಕೂತಿದ್ರೂ ಎಬ್ಬಿಸು” ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಉಪವಾಸ ಮಾಡುವ ಹಿರಿಯರಿರುತ್ತಾರೆ. ವ್ರತ ಹಿಡಿಯುವ ಮೊದಲು ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಉಪವಾಸಕ್ಕೂ ಬಿಡಬೇಡಿ, ಉಳಿತಾಯಕ್ಕೂ ಬಿಡಬೇಡಿ. ತಪ್ಪಿಹೋದರೆ ಎರಡನ್ನು ಒಟ್ಟಿಗೆ ನುಂಗಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಈ ಗುಳಿಗೆ ತೆಗೆದುಕೊಳ್ಳುವವರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಹಲ್ಲು ಕೀಳಿಸುವಾಗ ಅದರ ಸುದ್ದಿ ಡಾಕ್ಟರಿಗೆ ಮೊದಲೇ ಹೇಳಿ. ಒಸಡಿನಲ್ಲಿ ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ತೋರಿಸಿ. ಬಾಯಿ ವಾರೆಯಾಗಲಿ, ಕೈ ಸೋಲಲಿ, ಮಾತು ತೊದಲಲಿ, ಒಂದೇ ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ. ತಾನಾಗಿ ಸರಿಹೋದರೂ ದಾರಿಯಿಂದ ಹಿಂದಿರುಗಬೇಡಿ. ಆಯುಷ್ಮಾನ್ ಕಾರ್ಡಿನಲ್ಲಿ ಯಾವ ನೆರವು ಸಿಗುತ್ತದೆಂದು ಆಸ್ಪತ್ರೆಯಲ್ಲಿ ವಿಚಾರಿಸಲು ನಾಚಬೇಡಿ. ಈಗ ಇದನ್ನು ಕೆಳಗಿಟ್ಟು ಒಳಗೆ ಹೋಗಿ, ಮನೆಯ ಹಿರಿಯರನ್ನು ಕೇಳಿ: ಇವತ್ತಿನ ಗುಳಿಗೆ ಆಯಿತೇ?