ಒಪ್ಪಿಗೆಯ ತಾಲೀಮು

ತೀವ್ರ ನಿಗಾ ಘಟಕದ ಹೊರಗೆ ಕಾಯುವವರು ಅವರಿಗೆ ಬೆಲ್ಲದ ಡಾಕ್ಟರು ಎಂದು ಹೆಸರಿಟ್ಟಿದ್ದರು. ಮಾತು ಅಷ್ಟು ಸಿಹಿ. ರಕ್ತಕ್ಕೆ ನಂಜೇರಿ ಪ್ರಜ್ಞೆ ತಪ್ಪಿ ಮಲಗಿದ್ದ ದರ್ಜಿಯ ಮೇಲೆ ಹೊಸ ಔಷಧಿಯೊಂದನ್ನು ಪ್ರಯೋಗಿಸಿ ನೋಡಬೇಕೆಂದು ಅವರ ಆಸೆ. ರೋಗಿಗೆ ಎಚ್ಚರವಿಲ್ಲದ್ದರಿಂದ ಹೆಂಡತಿ ಒಪ್ಪಬೇಕು. ಬಲವಂತ ನಡೆದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಆ ಒಪ್ಪಿಗೆಯನ್ನು ಚಿತ್ರೀಕರಿಸಬೇಕು. ಅದು ಕಾನೂನು. ಬೆಲ್ಲದ ಡಾಕ್ಟರು ಕಾನೂನನ್ನು ಚಾಚೂ ತಪ್ಪದೆ ಪಾಲಿಸುವವರು. ಅದಕ್ಕೇ ಮೊದಲು ತಾಲೀಮು ಮಾಡಿಸುತ್ತಿದ್ದರು.

“ಕಣ್ಣೊರೆಸ್ಕೊಳ್ಳಿ ಅಮ್ಮಾ. ಅತ್ತರೆ ಒತ್ತಾಯ ಮಾಡಿದ ಹಾಗೆ ಕಾಣುತ್ತೆ.”

ದರ್ಜಿಯ ಹೆಂಡತಿ ಕಣ್ಣೊರೆಸಿಕೊಂಡಳು. ಮೊಬೈಲು ಹಿಡಿದು ನಿಂತಿದ್ದ ಸಿಸ್ಟರು, ಯಾರೂ ಹೇಳದೆಯೇ, ಅವಳ ಕುರ್ಚಿಯನ್ನು ಗಾಜಿನಾಚೆಯ ಗಂಡ ಕಾಣುವ ಹಾಗೆ ಮೆಲ್ಲಗೆ ತಿರುಗಿಸಿದಳು.

“ಎಲ್ಲಾ ಅರ್ಥ ಆಯ್ತಾ ಅಂತ ಕೇಳ್ತೀನಿ. ಆಯ್ತು ಅನ್ನಿ.”

“ಆಗಿಲ್ವಲ್ಲ ಸಾರ್. ಈ ಔಷಧಿಯಿಂದ ಅವರಿಗೆ ವಾಸಿ ಆಗುತ್ತಾ?”

“ಅದನ್ನ ತಿಳ್ಕೊಳ್ಳೋಕೇ ಅಲ್ವಾ ಈ ಸಂಶೋಧನೆ!”

“ನಮ್ಮೋರು ಇನ್ನೊಬ್ಬರ ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಎರಡು ಸಲ ಅಳೀತಾರೆ, ಸಾರ್. ಬೇಡ ಅಂದ್ರೆ?”

ಡಾಕ್ಟರು ದನಿ ತಗ್ಗಿಸಿದರು. “ನಿಮ್ಮಿಷ್ಟ. ಆದ್ರೆ ಸಂಶೋಧನೆಗೆ ಸೇರಿದೋರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ. ಉಳಿದೋರು... ನೀವೇ ನೋಡ್ತಿದ್ದೀರಲ್ಲ, ಎಷ್ಟು ಜನ.”

ಅವಳು ಗಾಜಿನಾಚೆ ನೋಡಿದಳು. ಒಲ್ಲೆ ಎಂದರೆ ಗಂಡನ ಕಡೆ ಯಾರೂ ತಿರುಗಿ ನೋಡದೆ ಹೋದರೆ? ಹೂಂ ಎಂದು ಏನಾದರೂ ಹೆಚ್ಚುಕಡಿಮೆಯಾದರೆ? ಅತ್ತ ದರಿ, ಇತ್ತ ಪುಲಿ.

ಮೊಬೈಲಿನಲ್ಲಿ ಕೆಂಪು ಚುಕ್ಕೆ ಹತ್ತಿತು. ಡಾಕ್ಟರ ಮುಖದಲ್ಲಿ ಹಲ್ಲುಪುಡಿ ಜಾಹೀರಾತಿನ ನಗು ಅರಳಿತು.

“ಎಲ್ಲಾ ಅರ್ಥ ಆಯ್ತಾ ಅಮ್ಮಾ?”

“ಒಂದು ಬಾಕಿ ಇದೆ ಸಾರ್. ನಾನು ಬೇಡ ಅಂದ್ರೆ ನಮ್ಮೋರನ್ನ ನೋಡ್ಕೊಳ್ಳೋದು ಕಮ್ಮಿ ಆಗುತ್ತಾ?”

ಡಾಕ್ಟರು ಮೊಬೈಲಿನತ್ತ ನೋಡಿದರು. ಬಾಯಲ್ಲಿ ಬಿಸಿತುಪ್ಪ: ಉಗುಳುವಂತಿಲ್ಲ, ನುಂಗುವಂತಿಲ್ಲ.

“ಛೆ ಛೆ! ಒಂದು ಚೂರೂ ಕಮ್ಮಿ ಆಗಲ್ಲ.”

“ಹಾಗಾದ್ರೆ ಬೇಡ ಸಾರ್.”

ನಗು ಉದುರಿತು. “ಸಿಸ್ಟರ್, ಅದನ್ನ ಅಳಿಸಿ. ಇನ್ನೊಂದ್ಸಲ ತೆಗೆಯೋಣ.”

“ಅಳಿಸೋದು ನಂಗೆ ಬರಲ್ಲ ಸಾರ್,” ಸಿಸ್ಟರು ಬಲು ವಿನಯದಿಂದ ಹೇಳಿದಳು. “ತೆಗೆಯೋದಷ್ಟೇ ನೀವು ಹೇಳ್ಕೊಟ್ಟಿದ್ದು. ಇನ್ನೂ ತೆಗೀತಾನೇ ಇದ್ದೀನಿ.”

ಡಾಕ್ಟರು ಕೋಟಿನ ಗುಂಡಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿದರು. “ನಿಮ್ಮ ನಿರ್ಧಾರವನ್ನು ನಾವು ತುಂಬು ಹೃದಯದಿಂದ ಗೌರವಿಸುತ್ತೇವೆ,” ಎಂದರು. ಅವಳಿಗಲ್ಲ, ಮೊಬೈಲಿಗೆ.